ನಂಬಿಕೆಯೇ ಕಾವಲುಗಾರನ ಜಾಹೀರಾತು

ಚಾಮರಾಜನಗರದಿಂದ ಹೊರಟು ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದರೆ ಸತ್ಯಮಂಗಲ, ಮುಂದೆ ಕೊಯಮತ್ತೂರು. ನೂಲಿನ ಗಿರಣಿಗಳಿಗೂ ಪಂಪುಗಳ ತಯಾರಿಕೆಗೂ ಹೆಸರಾದ ಊರದು. ಅದರ ಪೂರ್ವಕ್ಕೆ ಬನಿಯನ್ ನಗರವೆನಿಸಿದ ತಿರುಪ್ಪೂರು. 2009ರಲ್ಲಿ ಅದು ಪ್ರತ್ಯೇಕ ಜಿಲ್ಲೆಯಾಯಿತು. ದೇವಾಂಗರೇ ಮೊದಲಾದ ಕನ್ನಡ ಮನೆಮಾತಿನವರು ಈ ಸೀಮೆಯಲ್ಲಿ ತಲೆಮಾರುಗಳಿಂದ ನೆಲೆಸಿದ್ದಾರೆ.

ಗಿರಣಿ, ಗೋದಾಮು, ಆಸ್ಪತ್ರೆಗಳಿರುವಲ್ಲಿ ಕಾವಲು ಬೇಕು. ಹಿಂದೆ ಹಳ್ಳಿಗೆ ತಳವಾರನಿದ್ದ. ಇಂದು ಪಟ್ಟಣಕ್ಕೆ ಖಾಸಗಿ ಭದ್ರತಾ ಸಂಸ್ಥೆಗಳಿವೆ. ನಮ್ಮ 'ಕಾವಲು', ತಮಿಳಿನ 'ಕಾವಲ್' ಎರಡೂ ಒಂದೇ ಬೇರಿನಿಂದ ಹುಟ್ಟಿದ ಮಾತುಗಳು. ಈ ಸಂಸ್ಥೆಗಳು ಇಂದು ಫೇಸ್‌ಬುಕ್, ವಾಟ್ಸಾಪ್‌ಗಳಲ್ಲಿ ಪ್ರಚಾರ ಮಾಡುತ್ತವೆ. ಈ ಪ್ರಚಾರ ಹೇಗಿರಬೇಕು? ವಿದ್ಯಾರ್ಥಿಗಳೇ, ನಿಮಗಿದು ಸಂಬಂಧಿಸದ ವಿಷಯವೆಂದು ತಿಳಿಯಬೇಡಿ. ನಾಳೆ ನಿಮ್ಮ ಅಣ್ಣನೋ ತಂದೆಯೋ ಇಂಥ ಜಾಹೀರಾತನ್ನು ನಂಬಿ ಕೆಲಸಕ್ಕೆ ಹೊರಡಬಹುದು.

ಬಟ್ಟೆಯನ್ನು ಮುಟ್ಟಿ ನೋಡಿ ಕೊಳ್ಳಬಹುದು. ಕಾವಲನ್ನು ಹಾಗೆ ಪರೀಕ್ಷಿಸಲಾಗದು. ಕೊಳ್ಳುವವನು ಕೊಳ್ಳುವುದು ನಂಬಿಕೆಯನ್ನು. ಆದ್ದರಿಂದ ಪ್ರಚಾರದ ಮೊದಲ ಸಾಲಿನಲ್ಲಿ ಪರವಾನಗಿ ಇರಬೇಕು. 2005ರ ಖಾಸಗಿ ಭದ್ರತಾ ಸಂಸ್ಥೆಗಳ (ನಿಯಂತ್ರಣ) ಕಾಯ್ದೆಯಂತೆ ಪರವಾನಗಿಯಿಲ್ಲದೆ ಈ ವ್ಯವಹಾರ ನಡೆಸುವುದು ಅಪರಾಧ. ಪರವಾನಗಿಯನ್ನು ಕಚೇರಿಯಲ್ಲಿ ಎದ್ದು ಕಾಣುವಂತೆ ತೂಗುಹಾಕಬೇಕೆಂದೂ ಕಾನೂನು ಹೇಳುತ್ತದೆ. ಗೋಡೆಯ ಮೇಲೆ ತೋರಿಸಬೇಕಾದುದನ್ನು ಮೊಬೈಲಿನ ಪರದೆಯ ಮೇಲೂ ತೋರಿಸುವುದು ಒಳ್ಳೆಯದಲ್ಲವೇ?

ಎರಡನೆಯದು ತರಬೇತಿ. 2006ರ ಕೇಂದ್ರ ಮಾದರಿ ನಿಯಮಗಳು ಕಾವಲುಗಾರನಿಗೆ 100 ಗಂಟೆಗಳ ಪಾಠವನ್ನೂ 60 ಗಂಟೆಗಳ ಪ್ರತ್ಯಕ್ಷ ತರಬೇತಿಯನ್ನೂ ಗೊತ್ತುಮಾಡಿದವು. ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ ಮಾಡುವುದು ಇವುಗಳ ಒಂದು ನಿಮಿಷದ ಚಿತ್ರ ಮೀಸೆ ತಿರುವಿ ನಿಂತ ಹತ್ತು ಚಿತ್ರಗಳಿಗಿಂತ ಮೇಲು. ಆ ಚಿತ್ರದಲ್ಲಿ ಪೊಲೀಸರ ಅಥವಾ ಸೈನಿಕರ ಸಮವಸ್ತ್ರವನ್ನು ಹೋಲುವ ಉಡುಪು ಇರಕೂಡದು; ಕಾವಲುಗಾರ ಅದನ್ನು ಧರಿಸಿದರೆ ಶಿಕ್ಷೆಯುಂಟು.

ಮೂರನೆಯದು ಮೌನ. ತಾನು ಕಾಯುವ ಸ್ಥಳದ ಕುರಿತು ಕೆಲಸದಲ್ಲಿ ತಿಳಿದ ಸಂಗತಿಯನ್ನು ಕಾವಲುಗಾರ ಹೊರಗಿನವರಿಗೆ ಹೇಳಬಾರದೆಂದು ಅದೇ ಕಾಯ್ದೆ ವಿಧಿಸಿದೆ. 'ಇಂಥ ಗಿರಣಿಯ ಹಿಂಬಾಗಿಲಿನಲ್ಲಿ ರಾತ್ರಿ ನಮ್ಮವರು ಇಬ್ಬರಿದ್ದಾರೆ' ಎಂದು ಹೆಮ್ಮೆಯಿಂದ ಚಿತ್ರ ಹಾಕಿದರೆ ಗಿರಾಕಿಯೂ ನೋಡುತ್ತಾನೆ, ಕಳ್ಳನೂ ನೋಡುತ್ತಾನೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಇದು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಭಯವನ್ನು ಮಾರಬಾರದು. 2023ರ ಮಾರ್ಚ್ ತಿಂಗಳಲ್ಲಿ, ತಮಿಳುನಾಡಿನಲ್ಲಿ ಬಿಹಾರದ ಕೆಲಸಗಾರರ ಮೇಲೆ ಹಲ್ಲೆ ನಡೆಯುತ್ತಿದೆಯೆಂದು ಸಾರುವ ಸುಳ್ಳು ವಿಡಿಯೋಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ತಿರುಪ್ಪೂರು, ಕೊಯಮತ್ತೂರುಗಳಲ್ಲಿ ದುಡಿಯುತ್ತಿದ್ದವರು ಹೆದರಿದರು; ದೂರದ ಊರಿನಲ್ಲಿ ತಾಯಂದಿರು ನಿದ್ದೆಗೆಟ್ಟರು. ಪೊಲೀಸರು ಅವು ಸುಳ್ಳೆಂದು ಸಾರಿ ಮೊಕದ್ದಮೆ ಹೂಡಿದರು. ಬಿಹಾರದ ಅಧಿಕಾರಿಗಳ ತಂಡವೂ ಬಂದು ವಿಚಾರಿಸಿತು. ಹೆದರಿಕೆಯನ್ನು ಹಬ್ಬಿಸಲು ಒಂದು ಬೆರಳು ಸಾಕು, ಇಳಿಸಲು ಎರಡು ಸರ್ಕಾರಗಳು ದುಡಿಯಬೇಕಾಯಿತು. ಕಳ್ಳತನದ ಹಳೆಯ ಚಿತ್ರ ತೋರಿಸಿ 'ಮುಂದಿನ ಮನೆ ನಿಮ್ಮದೇ!' ಎಂದು ಕೂಗುವ ಜಾಹೀರಾತೂ ಇದೇ ಜಾತಿಗೆ ಸೇರಿದ್ದು. ಗ್ರಾಹಕರನ್ನು ದಾರಿತಪ್ಪಿಸುವ ಜಾಹೀರಾತುಗಳಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ತಡೆಯೂ ಇದೆ.

ಕೊನೆಯದಾಗಿ ಭಾಷೆ. ತಿರುಪ್ಪೂರಿನಲ್ಲಿ ಗಿರಾಕಿ ತಮಿಳರು, ಕೆಲಸಕ್ಕೆ ಬರುವವರು ಹಲವು ನುಡಿಯವರು. ಸಂಬಳವೆಷ್ಟು, ದಿನಕ್ಕೆ ಎಷ್ಟು ಗಂಟೆ, ವಾರದ ರಜೆ ಯಾವುದು ಎಂಬುದನ್ನು ಓದುವವನ ನುಡಿಯಲ್ಲಿ ಬರೆದ ಸಂಸ್ಥೆ ಜನರ ವಿಶ್ವಾಸ ಗಳಿಸುತ್ತದೆ.

ಪೋಷಕರಲ್ಲಿ ಒಂದು ವಿನಂತಿ. ಕಾವಲು ಕೆಲಸ ಕೊಡಿಸುತ್ತೇವೆಂದು ಮುಂಗಡ ಹಣ ಕೇಳುವ ಸಂದೇಶ ಬಂದರೆ ಹಣ ಕಳುಹಿಸಬೇಡಿ. ಮೊದಲು ಪರವಾನಗಿಯನ್ನೂ ಕಚೇರಿಯ ವಿಳಾಸವನ್ನೂ ಕೇಳಿ. ಮೋಸ ಹೋಗಿ ಹಣ ಕಳುಹಿಸಿಯೇ ಬಿಟ್ಟಿದ್ದರೆ ನಾಚಿಕೆಪಟ್ಟು ಸುಮ್ಮನಿರದೆ ಕೂಡಲೇ 1930ಕ್ಕೆ ದೂರವಾಣಿ ಮಾಡಿ.

ಅಭ್ಯಾಸ

1. ಒಳ್ಳೆಯ ಪ್ರಚಾರಕ್ಕೂ ಭಯ ಹುಟ್ಟಿಸುವ ಪ್ರಚಾರಕ್ಕೂ ಇರುವ ವ್ಯತ್ಯಾಸವನ್ನು ಉದಾಹರಣೆಯೊಡನೆ ವಿವರಿಸಿರಿ.
2. ನಿಮ್ಮ ಮನೆಯ ಮೊಬೈಲಿಗೆ ಬಂದ ಒಂದು ಕೆಲಸದ ಜಾಹೀರಾತನ್ನು ಹಿರಿಯರೊಡನೆ ಕುಳಿತು ಓದಿರಿ. ಅದರಲ್ಲಿ ಏನು ಹೇಳಿದೆ, ಏನನ್ನು ಹೇಳಿಲ್ಲ? ಪಟ್ಟಿ ಮಾಡಿರಿ.