ಉಪ್ಪುನೀರಿನ ಕೊಳವೂ ಲೋಹದ ತುಕ್ಕೂ

ಅಡಿಗೆಗೆ ರುಚಿ ಕೊಡುವ ಉಪ್ಪೇ ಕಬ್ಬಿಣಕ್ಕೆ ಶತ್ರುವೆಂಬುದು ಕರಾವಳಿಯವರಾದ ನಮಗೆ ಹೊಸ ಮಾತಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲಿನ ಚಿಲಕ, ಬಾವಿಯ ರಾಟೆ, ಸೈಕಲ್ಲಿನ ಸರಪಣಿ ಎಲ್ಲವೂ ಕೆಂಪಾಗುತ್ತವೆ. ಬರಿಯ ಮಳೆನೀರಿನಿಂದಲೇ ಹೀಗಾದರೆ ಉಪ್ಪುನೀರಿನ ಈಜುಕೊಳದಲ್ಲಿ ಏಣಿ, ಹಿಡಿಗಂಬಿ, ತಿರುಪುಮೊಳೆಗಳ ಗತಿಯೇನು? ಇದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಉಪ್ಪುನೀರಿನ ಕೊಳವೆಂದರೆ ಸಮುದ್ರದ ನೀರೇ ಆಗಬೇಕಾಗಿಲ್ಲ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದರೆ, ಇಂತಹ ಕೊಳಗಳಲ್ಲಿ ಸಾಮಾನ್ಯವಾಗಿ 3ರಿಂದ 4 ಗ್ರಾಂ ಮಾತ್ರ ಇರುತ್ತದೆ. ಆ ನೀರಿನಲ್ಲಿ ವಿದ್ಯುತ್ತನ್ನು ಹರಿಸಿ, ಉಪ್ಪಿನಿಂದಲೇ ಕ್ಲೋರೀನನ್ನು ಪಡೆದು ಕ್ರಿಮಿಗಳನ್ನು ಕೊಲ್ಲುತ್ತಾರೆ.

ತುಕ್ಕಿನ ಮರ್ಮವನ್ನು ತಿಳಿಯಲು ನಾನು ನಾಲ್ಕು ಗಾಜಿನ ಲೋಟಗಳಲ್ಲಿ ಒಂದೊಂದು ಮೊಳೆಯನ್ನಿಟ್ಟು ನೋಡಿದೆನು. ಮೊದಲನೆಯದರಲ್ಲಿ ಚೆನ್ನಾಗಿ ಕುದಿಸಿ ಮೇಲೆ ಎಣ್ಣೆ ಹೊಯ್ದ ನೀರು; ಎರಡನೆಯದರಲ್ಲಿ ಬಾವಿಯ ನೀರು; ಮೂರನೆಯದರಲ್ಲಿ ಉಪ್ಪುನೀರು; ನಾಲ್ಕನೆಯದರಲ್ಲಿಯೂ ಉಪ್ಪುನೀರೇ, ಆದರೆ ಮೊಳೆಗೆ ಸತುವಿನ ತಗಡಿನ ತುಂಡೊಂದನ್ನು ಬಿಗಿಯಾಗಿ ಸುತ್ತಿದ್ದೆನು. ಮೊದಲನೆಯ ಮೊಳೆ ಹೊಳಪಾಗಿಯೇ ಉಳಿಯಿತು, ಎರಡನೆಯದು ಕೆಂಪಾಯಿತು, ಮೂರನೆಯದು ಇನ್ನೂ ಬೇಗನೆ ಕೆಟ್ಟಿತು. ನಾಲ್ಕನೆಯದರಲ್ಲಿ ಸತುವು ಬಿಳಿಚಿ ಸವೆಯತೊಡಗಿತೇ ಹೊರತು ಮೊಳೆಗೆ ತುಕ್ಕು ಹಿಡಿಯಲಿಲ್ಲ.

ಇದರಿಂದ ತಿಳಿಯುವುದೇನು? ತುಕ್ಕಿಗೆ ನೀರೂ ಬೇಕು, ಆಮ್ಲಜನಕವೂ ಬೇಕು. ಕಬ್ಬಿಣದ ಮೇಲ್ಮೈ ಒಂದು ಪುಟ್ಟ ವಿದ್ಯುತ್ಕೋಶದಂತೆ ವರ್ತಿಸುತ್ತದೆ. ಉಪ್ಪು ನೀರಿನ ವಿದ್ಯುದ್ವಾಹಕತೆಯನ್ನು ಹೆಚ್ಚಿಸಿ ಈ ಕ್ರಿಯೆಗೆ ವೇಗ ಕೊಡುತ್ತದೆ. ಸತುವು ಕಬ್ಬಿಣಕ್ಕಿಂತ ಸುಲಭವಾಗಿ ಕರಗುವುದರಿಂದ ತಾನೇ ಬಲಿಯಾಗಿ ಕಬ್ಬಿಣವನ್ನು ಕಾಯುತ್ತದೆ. ಇಂಗ್ಲೆಂಡಿನ ಹಂಫ್ರಿ ಡೇವಿಯು 1824ರಲ್ಲಿ ಹಡಗುಗಳ ತಾಮ್ರದ ಹೊದಿಕೆಯನ್ನು ಇದೇ ತತ್ತ್ವದಿಂದ ರಕ್ಷಿಸಿ ತೋರಿಸಿದನು.

ಆದರೆ ಲೋಹಗಳ ಸಹವಾಸ ಎಲ್ಲ ಸಲವೂ ಹಿತವಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಮಾಡಿಗೆ ತಾಮ್ರದ ಹೊದಿಕೆಯುಂಟು. ತಾಮ್ರದ ಕಿಲುಬು ಲೋಹಕ್ಕೇ ಅಂಟಿಕೊಂಡು ಅದನ್ನು ಕಾಯುತ್ತದೆ. ಕಬ್ಬಿಣದ ತುಕ್ಕಾದರೋ ಪುಡಿಪುಡಿಯಾಗಿ ಉದುರಿ ಒಳಗಿನದನ್ನು ಬಯಲಿಗಿಡುತ್ತದೆ. ಇಂತಹ ತಾಮ್ರವನ್ನು ಕಬ್ಬಿಣಕ್ಕೆ ತಾಗಿಸಿದರೆ ಕಬ್ಬಿಣವೇ ಬಲಿ. 1761ರಲ್ಲಿ ‘ಅಲಾರ್ಮ್’ ಎಂಬ ಬ್ರಿಟಿಷ್ ಹಡಗಿಗೆ ತಾಮ್ರದ ತಗಡು ಹೊದಿಸಿದರು. ತಾಮ್ರ ತಾಗಿದಲ್ಲೆಲ್ಲ ಕಬ್ಬಿಣದ ಮೊಳೆಗಳು ಕೊರೆದುಹೋಗಿದ್ದುದು ಎರಡು ವರ್ಷಗಳೊಳಗೆ ಕಂಡುಬಂದಿತು. ಆದುದರಿಂದ ಕೊಳದಲ್ಲಿ ಹಿತ್ತಾಳೆಯ ನಲ್ಲಿಗೆ ಕಬ್ಬಿಣದ ತಿರುಪು ಸಲ್ಲದು.

ಹಾಗಾದರೆ ತುಕ್ಕಿಲ್ಲದ ಉಕ್ಕನ್ನೇ, ಎಂದರೆ ಸ್ಟೇನ್‌ಲೆಸ್ ಸ್ಟೀಲನ್ನೇ ಬಳಸಿದರೆ ಆಗದೇ? ಅದರ ಕ್ರೋಮಿಯಂ ಗಾಳಿಯೊಡನೆ ಕೂಡಿ ಕಣ್ಣಿಗೆ ಕಾಣದ ಪೊರೆಯನ್ನು ಕಟ್ಟಿಕೊಳ್ಳುತ್ತದೆ. ಉಪ್ಪಿನ ಕ್ಲೋರೈಡು ಆ ಪೊರೆಯನ್ನೇ ಅಲ್ಲಲ್ಲಿ ತೂತುಮಾಡುತ್ತದೆ. ಪಾತ್ರೆಗಳಿಗೆ ಸಲ್ಲುವ 304ನೆಯ ಜಾತಿಗಿಂತ, ಶೇಕಡ 2ರಿಂದ 3ರಷ್ಟು ಮಾಲಿಬ್ಡಿನಂ ಸೇರಿದ 316ನೆಯ ಜಾತಿ ಇಲ್ಲಿ ಮೇಲು. ಅದೂ ಅಭೇದ್ಯವಲ್ಲ.

ಇದು ಕೇವಲ ಅಂದಚಂದದ ಮಾತಲ್ಲ. ಸ್ವಿಟ್ಜರ್‌ಲೆಂಡಿನ ಊಸ್ಟರ್ ಪಟ್ಟಣದ ಒಳಾಂಗಣ ಈಜುಕೊಳದ ಕಾಂಕ್ರೀಟು ಚಾವಣಿಯನ್ನು ಸ್ಟೇನ್‌ಲೆಸ್ ಸರಳುಗಳಿಂದ ತೂಗುಹಾಕಿದ್ದರು. 1985ರ ಮೇ 9ರಂದು ಅದು ಕುಸಿದು 12 ಮಂದಿ ಸತ್ತರು. ಕೊಳದ ಹಬೆಯಲ್ಲಿದ್ದ ಕ್ಲೋರೈಡು ಸರಳುಗಳ ಮೇಲೆ ಕೂತು, ಭಾರದ ಎಳೆತದೊಡನೆ ಸೇರಿ, ಅವುಗಳನ್ನು ಸೀಳಿತ್ತು. ನೀರನ್ನು ಎಂದೂ ಮುಟ್ಟದ ಲೋಹವೇ ಅಲ್ಲಿ ಮೋಸಮಾಡಿತು.

ಕೊಳವನ್ನು ನೋಡಿಕೊಳ್ಳುವವರು ಪಾಲಿಸತಕ್ಕ ನಿಯಮಗಳು ಇವು: ತಕ್ಕ ಲೋಹವನ್ನು ಆರಿಸಬೇಕು, ಬೇರೆ ಬೇರೆ ಲೋಹಗಳ ನಡುವೆ ರಬ್ಬರು ಅಥವಾ ಪ್ಲಾಸ್ಟಿಕ್ಕಿನ ಬಿಲ್ಲೆಯನ್ನಿಡಬೇಕು, ನೀರಿನೊಳಗಿನ ಭಾಗಗಳಿಗೆ ಸತುವಿನ ತುಂಡನ್ನು ಜೋಡಿಸಿ, ಸವೆದಾಗ ಬದಲಿಸಬೇಕು. ನೀರಿನ ಮೇಲಿನ ಭಾಗವನ್ನು ಸತುವು ಕಾಯಲಾರದು. ಅದನ್ನು ಆಗಾಗ ಸಿಹಿನೀರಿನಿಂದ ತೊಳೆದು ಒರೆಸಬೇಕು. ಉಕ್ಕಿನ ನಾರಿನಿಂದ ಉಜ್ಜಬಾರದು, ಅದರ ಚೂರುಗಳೇ ತುಕ್ಕಿಗೆ ಬೀಜವಾಗುತ್ತವೆ. ನೀರಿನ ಪಿ.ಎಚ್. 7.2ರಿಂದ 7.8ರೊಳಗಿರಬೇಕು. ಮಾಡಿದ್ದರೆ ಗಾಳಿಯಾಡುವಂತಿರಬೇಕು, ತೂಗುವ ಸರಳುಗಳನ್ನು ತಜ್ಞರಿಂದ ಪರೀಕ್ಷಿಸಿಸುತ್ತಿರಬೇಕು.

ತುಕ್ಕು ಸದ್ದಿಲ್ಲದೆ ಬರುವ ಗೆದ್ದಲು. ಹಿಡಿಗಂಬಿಯ ಬುಡದಲ್ಲಿ ಕಂದುಬಣ್ಣದ ಒಂದು ಚುಕ್ಕೆ ಕಂಡ ದಿನವೇ ಅದನ್ನು ವಿಚಾರಿಸುವುದು ಜಾಣತನ. ಅದನ್ನು ನಂಬಿ ಕೈಯಿಡುವ ಮಗುವಿಗೆ ಲೋಹಶಾಸ್ತ್ರ ತಿಳಿದಿರುವುದಿಲ್ಲವಷ್ಟೆ.