ನಡುಗುವ ಕೈಗೆ ಆಸರೆ

ಅಂಗವೈಕಲ್ಯವೆಂದೊಡನೆ ಕಣ್ಣಿಲ್ಲದವರ, ಪೋಲಿಯೊದಿಂದ ಕಾಲು ಸೊರಗಿದವರ ಚಿತ್ರ ನಮ್ಮ ಮನಸ್ಸಿಗೆ ಬರುತ್ತದೆ. ಅಂಥ ಕೊರತೆ ಬಹುಮಟ್ಟಿಗೆ ಇದ್ದಷ್ಟೇ ಇರುತ್ತದೆ. ಅದಕ್ಕೆ ಹೊಂದಿಕೊಂಡು ಬಾಳುವ ದಾರಿಯನ್ನು ಮನುಷ್ಯನು ಕಂಡುಕೊಳ್ಳುತ್ತಾನೆ. ಆದರೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ ಹೋಗುವ ನರರೋಗಗಳೂ ಉಂಟು. ಅಲ್ಲಿ ಇಂದು ಕಲಿತ ಹೊಂದಾಣಿಕೆ ನಾಳೆಗೆ ಸಾಲದು. ಪಾರ್ಕಿನ್‌ಸನ್ ಕಾಯಿಲೆ ಅವುಗಳಲ್ಲಿ ಒಂದು.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ 1817ರಲ್ಲಿ ಇದರ ಲಕ್ಷಣಗಳನ್ನು ಪ್ರಬಂಧವೊಂದರಲ್ಲಿ ವಿವರಿಸಿದನು. ನಮ್ಮ ಆಯುರ್ವೇದವು ಇಂಥ ನಡುಕವನ್ನು ಕಂಪವಾತವೆಂದು ಕರೆದಿದೆ. ಮಿದುಳಿನ ನಡುಭಾಗದ ಕೆಲವು ನರಕೋಶಗಳು ಡೋಪಮೈನ್ ಎಂಬ ರಾಸಾಯನಿಕವನ್ನು ಉತ್ಪಾದಿಸುತ್ತವೆ. ಅಂಗಾಂಗಗಳ ಚಲನೆ ಸರಾಗವಾಗಲು ಅದು ಬೇಕು. ಆ ಕೋಶಗಳು ನಶಿಸಿದಂತೆಲ್ಲ ಕೈ ನಡುಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ನಡಿಗೆ ನಿಧಾನವಾಗುತ್ತದೆ, ದನಿ ತಗ್ಗುತ್ತದೆ.

ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆಯಂಥ ಊರಿನಲ್ಲಿ ಈ ರೋಗವುಳ್ಳ ರೈತನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಕಬ್ಬಿನ ಗದ್ದೆಗೆ ನೀರು ಹಾಯಿಸಿದ ಕೈ ಇಂದು ಕಾಫಿಯ ಲೋಟವನ್ನು ತುಳುಕಿಸುತ್ತದೆ. ಮುಖದ ಸ್ನಾಯುಗಳು ಬಿಗಿದು ನಗು ಮೂಡದಿದ್ದರೆ, ಅಜ್ಜನಿಗೆ ಸಿಟ್ಟು ಬಂದಿದೆಯೆಂದು ಮೊಮ್ಮಕ್ಕಳು ತಿಳಿಯುತ್ತಾರೆ. ಮುಗ್ಗರಿಸುವ ನಡಿಗೆಯನ್ನು ಕಂಡವರು ಕುಡಿದಿದ್ದಾನೆಂದು ಆಡಿಕೊಳ್ಳುತ್ತಾರೆ. ಮಾತ್ರೆಯ ಬಲದಿಂದ ಬೆಳಿಗ್ಗೆ ನಡೆದಾಡಿದವನು, ಅದರ ಪ್ರಭಾವ ಇಳಿದಾಗ ಏಳಲಾರನು. “ಆಗ ಆದದ್ದು ಈಗೇಕೆ ಆಗದು?” ಎಂದು ಮನೆಯವರೇ ಶಂಕಿಸುತ್ತಾರೆ. ಈ ಮಾತುಗಳಿಗೆ ಅಂಜಿ ಅವನು ಜಗಲಿಗೂ ಬರದೆ ಒಳಮನೆ ಸೇರುತ್ತಾನೆ. ರೋಗವು ಕಸಿಯದೆ ಬಿಟ್ಟುದನ್ನು ಜನರ ಅಜ್ಞಾನವು ಕಸಿಯುತ್ತದೆ.

ಈ ರೋಗವನ್ನು ಪೂರ್ಣವಾಗಿ ಗುಣಪಡಿಸುವ ಮದ್ದು ಇನ್ನೂ ದೊರೆತಿಲ್ಲ, ಆದರೆ ಉಪಶಮನವುಂಟು. ನಮ್ಮ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿಯ ಬೀಜದಿಂದ ಮದರಾಸಿನ ವಿಜ್ಞಾನಿಗಳಾದ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲಿ ಬೇರ್ಪಡಿಸಿದ ವಸ್ತುವೇ, 1960ರ ದಶಕದಲ್ಲಿ ಲೆವೊಡೋಪ ಎಂಬ ಔಷಧವಾಗಿ ಈ ರೋಗಿಗಳಿಗೆ ನೆರವಾಯಿತು. ಹಾಗೆಂದು ಬೀಜವನ್ನು ತಾವಾಗಿಯೇ ಸೇವಿಸುವುದು ಅಪಾಯಕರ. ಔಷಧದ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. 1974ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂಥ ನರರೋಗಗಳಿಗೆ ಚಿಕಿತ್ಸೆ ದೊರೆಯುತ್ತದೆ.

ಔಷಧದಷ್ಟೇ ಮುಖ್ಯವಾದುದು ಸುತ್ತಲಿನವರ ತಿಳಿವಳಿಕೆ. ಹೊಸ್ತಿಲ ಬಳಿ ರೋಗಿಯ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುವುದುಂಟು. ಆಗ ಹಿಡಿದೆಳೆಯಬಾರದು. ನೆಲದ ಮೇಲೆ ಅಡ್ಡಗೆರೆಗಳಿದ್ದರೆ, ಅವನ್ನು ಒಂದೊಂದಾಗಿ ದಾಟುತ್ತ ಹಲವರು ಮುಂದೆ ಹೆಜ್ಜೆಯಿಡಬಲ್ಲರು. ಒಂದು ಸುಣ್ಣದ ಗೆರೆ ಊರುಗೋಲಿನ ಕೆಲಸ ಮಾಡುತ್ತದೆ!

ನೆರವೂ ರೋಗದೊಡನೆ ಬದಲಾಗುತ್ತ ಹೋಗಬೇಕು. ಬೇರೊಂದು ನರರೋಗಕ್ಕೆ ತುತ್ತಾದ ವಿಜ್ಞಾನಿ ಸ್ಟೀಫನ್ ಹಾಕಿಂಗ್, ಕೈ ಆಡುವವರೆಗೆ ಕೈಯಿಂದ, ಅದು ಸೋತ ಮೇಲೆ ಕೆನ್ನೆಯ ಸ್ನಾಯುವಿನ ಚಲನೆಯಿಂದ ಗಣಕಯಂತ್ರವನ್ನು ನಡೆಸಿದರು. 1963ರಲ್ಲಿ ರೋಗ ಪತ್ತೆಯಾದರೂ 2018ರಲ್ಲಿ ತೀರಿಕೊಳ್ಳುವವರೆಗೆ ಅವರ ಚಿಂತನೆ ನಿಲ್ಲಲಿಲ್ಲ.

ನಮ್ಮ ದೇಶದ ಕಾನೂನೂ ಈ ದಿಕ್ಕಿನಲ್ಲಿ ಮುಂದುವರಿದಿದೆ. 1995ರ ಕಾಯ್ದೆಯು 7 ಬಗೆಯ ಅಂಗವೈಕಲ್ಯಗಳನ್ನಷ್ಟೇ ಗುರುತಿಸಿತ್ತು. 2016ರ ಕಾಯ್ದೆ 21 ಬಗೆಗಳನ್ನು ಹೆಸರಿಸಿದೆ. ಪಾರ್ಕಿನ್‌ಸನ್ ಕಾಯಿಲೆಯೂ ಅವುಗಳಲ್ಲಿ ಸೇರಿದೆ. ಇಂಥವರಿಗೆ ಬೇಕಾದುದು ಕನಿಕರವಲ್ಲ, ಹಕ್ಕು ಎಂಬುದನ್ನು ಅದು ಸಾರುತ್ತದೆ.

ಆದರೆ ಕಾಯ್ದೆಯು ಪ್ರತಿ ಮನೆಯ ಜಗಲಿಗೆ ಬಂದು ಕುಳಿತುಕೊಳ್ಳಲಾರದು. ತಗ್ಗಿದ ದನಿಯ ಮಾತು ಮುಗಿಯುವವರೆಗೆ ತಾಳ್ಮೆಯಿಂದ ಕೇಳುವುದು, ಲೋಟವನ್ನು ತುಂಬ ತುಂಬಿಸದೆ ಅರ್ಧಕ್ಕೆ ತುಂಬಿಸಿ ಕೊಡುವುದು, “ಇಂದು ಯಾವ ಸಹಾಯ ಬೇಕು?” ಎಂದು ದಿನವೂ ಹೊಸದಾಗಿ ವಿಚಾರಿಸುವುದು ನಮ್ಮ ಕರ್ತವ್ಯ. ಇದಕ್ಕೆ ಹಣ ಬೇಕಿಲ್ಲ. ಬಿಡುವು ಮಾಡಿಕೊಳ್ಳುವ ಮನಸ್ಸು ಬೇಕು.