ಪದವಿಯ ನಡುವೆ ವಿಶ್ವವಿದ್ಯಾಲಯ ಬದಲಿಸುವವರಿಗೆ

ನಮ್ಮಲ್ಲಿ ಪಿಯುಸಿ ಅಂಕ, ಸಿಇಟಿ ರ್‍ಯಾಂಕ್ ಕೈಗೆ ಬಂದರೆ ಕಾಲೇಜಿನ ಪ್ರಶ್ನೆ ಮುಗಿದಂತೆ. ಡಿಪ್ಲೊಮಾ ಓದಿದವರು ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರುವುದು ಬಿಟ್ಟರೆ, ನಡುವೆ ಹತ್ತಿಕೊಳ್ಳುವ ದಾರಿ ನಮಗೆ ಅಷ್ಟಾಗಿ ಗೊತ್ತಿಲ್ಲ. ಹಾಗಾಗಿ ಕ್ಯಾಲಿಫೋರ್ನಿಯಾದಲ್ಲಿರುವ ನೆಂಟರ ಮಗಳು ‘ಈಗ ಡಿ ಆಂಜಾ ಕಮ್ಯುನಿಟಿ ಕಾಲೇಜು, ಆಮೇಲೆ ಬರ್ಕ್‌ಲಿಗೆ ಟ್ರಾನ್ಸ್‌ಫರ್’ ಎಂದರೆ, ಸೀಟು ಸಿಗದ್ದಕ್ಕೆ ಹೇಳುವ ಸಬೂಬು ಅಂದುಕೊಳ್ಳುತ್ತೇವೆ. ಅವಳು ಹೇಳುತ್ತಿರುವುದು ಆ ರಾಜ್ಯ ಯೋಚಿಸಿ ಕಟ್ಟಿದ ವ್ಯವಸ್ಥೆಯ ಮಾತು.

1960ರಲ್ಲಿ ಕ್ಲಾರ್ಕ್ ಕೆರ್ ಅವರ ಮುಂದಾಳತ್ವದಲ್ಲಿ ಕ್ಯಾಲಿಫೋರ್ನಿಯಾ ತನ್ನ ಉನ್ನತ ಶಿಕ್ಷಣಕ್ಕೊಂದು ಮಾಸ್ಟರ್ ಪ್ಲಾನ್ ಮಾಡಿಕೊಂಡಿತು. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಪಾಲಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಅಂದರೆ ಯುಸಿ. ಮೇಲಿನ ಮೂರನೇ ಒಂದು ಪಾಲಿಗೆ ಸ್ಟೇಟ್ ಕಾಲೇಜುಗಳು. ಉಳಿದ ಎಲ್ಲರಿಗೂ ಎರಡು ವರ್ಷದ ಕಮ್ಯುನಿಟಿ ಕಾಲೇಜು. ಇಷ್ಟೇ ಆಗಿದ್ದರೆ ಅದು ಹದಿನೇಳರ ಮಕ್ಕಳನ್ನು ಮೂರು ಪಂಕ್ತಿಯಲ್ಲಿ ಕೂರಿಸುವ ಯೋಜನೆಯಾಗುತ್ತಿತ್ತು. ಕೆಳಗಿನಿಂದ ಮೇಲಕ್ಕೆ ಹೋಗಲು ಮೂರನೇ ವರ್ಷದಲ್ಲಿ ಬಾಗಿಲು ಇಟ್ಟದ್ದರಿಂದ ಅದಕ್ಕೊಂದು ನ್ಯಾಯ ಬಂತು. ಇಂದಿಗೂ ಯುಸಿಯ ಗುರಿ, ಮೊದಲ ವರ್ಷಕ್ಕೆ ಬರುವ ಇಬ್ಬರಿಗೆ ಒಬ್ಬರಂತೆ ವರ್ಗಾವಣೆಯ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳುವುದು. ಯುಸಿಎಲ್‌ಎಯಲ್ಲಿ ಮೊದಲ ವರ್ಷಕ್ಕೆ ಅರ್ಜಿ ಹಾಕಿದ ನೂರರಲ್ಲಿ ಸುಮಾರು ಒಂಬತ್ತು ಮಂದಿಗೆ ಪ್ರವೇಶ ಸಿಕ್ಕರೆ, ಟ್ರಾನ್ಸ್‌ಫರ್ ಅರ್ಜಿದಾರರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಸಿಗುತ್ತದೆ. ಅವರಲ್ಲಿ ಬಹುಪಾಲು ಕಮ್ಯುನಿಟಿ ಕಾಲೇಜಿನವರೇ. ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್ ಬೇಕೆಂದವರು ಮಾತ್ರ ಈ ಲೆಕ್ಕ ನಂಬಿ ಕೂರಬಾರದು. ಅಲ್ಲಿ ನೂಕುನುಗ್ಗಲು ಬಹಳ.

ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಎಂಬ ಆರು ಕ್ಯಾಂಪಸ್‌ಗಳು ಇನ್ನೂ ಮುಂದೆ ಹೋಗಿ, ಹೇಳಿದ ಕೋರ್ಸುಗಳನ್ನು ಹೇಳಿದ ಅಂಕಗಳೊಂದಿಗೆ ಮುಗಿಸಿದರೆ ಸೀಟು ಖಾತ್ರಿ ಎಂಬ ಒಪ್ಪಂದವನ್ನೇ ಮಾಡಿಕೊಳ್ಳುತ್ತವೆ. ಇದಕ್ಕೆ ಟ್ಯಾಗ್ ಎನ್ನುತ್ತಾರೆ. ಅರ್ಜಿ ಹಾಕಲು ಸೆಪ್ಟೆಂಬರ್ ತಿಂಗಳೊಂದೇ. ಕೆಲವು ವಿಷಯಗಳಿಗೆ ಈ ಸೌಲಭ್ಯವಿಲ್ಲ. ಬರ್ಕ್‌ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೋ ಈ ಒಪ್ಪಂದದಲ್ಲಿಲ್ಲ.

ಎಲ್ಲಿಗೆ ಹೋಗುತ್ತೀರಿ ಎಂದು ಹೊಸಬರನ್ನು ಕೇಳಿದರೆ ಥಟ್ಟನೆ ವಿಶ್ವವಿದ್ಯಾಲಯದ ಹೆಸರು ಹೇಳುತ್ತಾರೆ. ನಿಮ್ಮ ಯಾವ ಕೋರ್ಸು ಅಲ್ಲಿ ಯಾವುದಕ್ಕೆ ಸಮ ಎಂದು ಕೇಳಿದರೆ ಉತ್ತರವಿಲ್ಲ. ವರ್ಗಾವಣೆಯ ಜೀವ ಇರುವುದು ಕ್ರೆಡಿಟ್‌ನಲ್ಲಿ. ಓದಿ ಪಾಸಾದ ಪ್ರತಿ ಕೋರ್ಸಿಗೂ ಇಷ್ಟು ಕ್ರೆಡಿಟ್ ಎಂದಿರುತ್ತದೆ. ಹೊಸ ವಿಶ್ವವಿದ್ಯಾಲಯ ಅದನ್ನು ಒಪ್ಪಬಹುದು, ಒಪ್ಪದಿರಬಹುದು. ಒಪ್ಪುವುದರಲ್ಲೂ ಎರಡು ಬಗೆಯಿದೆ. ಪದವಿಯ ಒಟ್ಟು ಲೆಕ್ಕಕ್ಕೆ ಸೇರಿಸಿಕೊಂಡು, ನಿಮ್ಮ ಮುಖ್ಯ ವಿಷಯದ ಲೆಕ್ಕಕ್ಕೆ ಬಿಟ್ಟುಬಿಡುವುದುಂಟು. ಆಗ ಅಂಕಪಟ್ಟಿ ತುಂಬಿದ್ದರೂ ಅದೇ ಪಾಠಕ್ಕೆ ಮತ್ತೆ ಕೂರಬೇಕು, ಮತ್ತೆ ಶುಲ್ಕ ಕಟ್ಟಬೇಕು. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2017ರಲ್ಲಿ ಕೊಟ್ಟ ವರದಿ ಓದಿದರೆ ಎದೆ ಧಸಕ್ಕೆನ್ನುತ್ತದೆ: 2004ರಿಂದ 2009ರ ನಡುವೆ ಕಾಲೇಜು ಬದಲಿಸಿದವರು ಸರಾಸರಿ ಸುಮಾರು ಶೇ 43ರಷ್ಟು ಕ್ರೆಡಿಟ್ ಕಳೆದುಕೊಂಡಿದ್ದರು.

ಇದನ್ನು ತಪ್ಪಿಸಲೆಂದೇ ಕ್ಯಾಲಿಫೋರ್ನಿಯಾದಲ್ಲಿ ಅಸಿಸ್ಟ್ ಎಂಬ ಜಾಲತಾಣವಿದೆ. ನೀವಿರುವ ಕಾಲೇಜು, ಹೋಗಬೇಕಾದ ಕ್ಯಾಂಪಸ್, ಬೇಕಾದ ವಿಷಯ ಆರಿಸಿದರೆ ಇಲ್ಲಿಯ ಯಾವ ಕೋರ್ಸು ಅಲ್ಲಿಯ ಯಾವುದಕ್ಕೆ ಸಮ ಎಂದು ಎದುರುಬದುರು ತೋರಿಸುತ್ತದೆ. ಕಾಲೇಜಿಗೆ ಸೇರಿದ ಮೊದಲ ವಾರವೇ ಅದನ್ನು ನೋಡಿ. ಮೂರನೇ ವರ್ಷಕ್ಕೆ ಹೋಗಲು 60 ಸೆಮಿಸ್ಟರ್ ಯುನಿಟ್ (ಕ್ರೆಡಿಟ್‌ಗೆ ಅಲ್ಲಿಯ ಹೆಸರು), ಕ್ವಾರ್ಟರ್ ಪದ್ಧತಿಯಾದರೆ 90 ಯುನಿಟ್ ಬೇಕು. ಕ್ಯಾಲ್ಕುಲಸ್‌ನಂಥ ಸರಣಿ ಕೋರ್ಸುಗಳನ್ನು ಒಂದೇ ಕಾಲೇಜಿನಲ್ಲಿ ಮುಗಿಸುವುದು ಒಳ್ಳೆಯದು. ಅರ್ಧ ಇಲ್ಲಿ, ಅರ್ಧ ಅಲ್ಲಿ ಮಾಡಿದರೆ ಹೊಂದಾಣಿಕೆ ಕೆಡುತ್ತದೆ.

ಭಾರತದಲ್ಲೂ ಯುಜಿಸಿ 2021ರಲ್ಲಿ ಕ್ರೆಡಿಟ್ ಬ್ಯಾಂಕಿನ ನಿಯಮ ತಂದಿದೆ. ಗಳಿಸಿದ ಕ್ರೆಡಿಟ್ ಏಳು ವರ್ಷದವರೆಗೆ ಖಾತೆಯಲ್ಲಿರುತ್ತದೆ. ಖಾತೆಯಲ್ಲಿ ಕ್ರೆಡಿಟ್ ಇದೆಯೆಂದ ಮಾತ್ರಕ್ಕೆ ದೊಡ್ಡ ಸಂಸ್ಥೆ ಸೀಟು ಕೊಡಬೇಕೆಂದೇನಿಲ್ಲ.

ಮತ್ತೆ ಅಮೆರಿಕಕ್ಕೆ ಬಂದರೆ, ಅಲ್ಲಿಯ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳು ಒಂದೊಂದೂ ಒಂದೊಂದು ತೆರ. ಪ್ರಿನ್ಸ್‌ಟನ್ 1990ರಲ್ಲಿ ವರ್ಗಾವಣೆಯ ಬಾಗಿಲು ಮುಚ್ಚಿ 2018ರಲ್ಲಿ ಮತ್ತೆ ತೆರೆಯಿತು. ಆ ವರ್ಷ ಪ್ರವೇಶ ಕೊಟ್ಟದ್ದು 13 ಮಂದಿಗೆ. ಕಾರ್ನೆಲ್ ವರ್ಷವರ್ಷವೂ ನೂರಾರು ಜನರನ್ನು ಸೇರಿಸಿಕೊಳ್ಳುತ್ತದೆ. ಬರಾಕ್ ಒಬಾಮ ಲಾಸ್ ಏಂಜಲಿಸ್‌ನ ಆಕ್ಸಿಡೆಂಟಲ್ ಕಾಲೇಜಿನಲ್ಲಿ ಎರಡು ವರ್ಷ ಓದಿ 1981ರಲ್ಲಿ ಕೊಲಂಬಿಯಾಕ್ಕೆ ಹೋದವರು. ವಾರೆನ್ ಬಫೆಟ್ ತಿರುಗುಮುರುಗು: ಪ್ರಸಿದ್ಧ ವಾರ್ಟನ್ ಬಿಟ್ಟು ತಮ್ಮ ಊರಕಡೆಯ ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿದರು. ಹೆಸರಿಗಾಗಿಯೇ ಹೊರಟವರು ಈ ಎರಡನೆಯ ಉದಾಹರಣೆಯನ್ನೂ ಜೇಬಿನಲ್ಲಿಟ್ಟುಕೊಳ್ಳಿ.

ಇಂಥ ಖಾಸಗಿ ವಿಶ್ವವಿದ್ಯಾಲಯಗಳಿಗೆ ಸಾಮಾನ್ಯವಾಗಿ ಕಾಲೇಜಿನ ಜಿಪಿಎ ಜೊತೆಗೆ ಅಧ್ಯಾಪಕರ ಶಿಫಾರಸು ಪತ್ರ ಬೇಕು. ಏಕೆ ಬದಲಿಸುತ್ತೀರಿ ಎಂಬ ಪ್ರಬಂಧವನ್ನೂ ಬರೆಯಬೇಕು. ‘ನಿಮ್ಮದು ದೊಡ್ಡ ಹೆಸರು’ ಎಂದು ಬರೆದರೆ ಓದುವವರಿಗೆ ಆಕಳಿಕೆ. ಈಗಿನ ಕಾಲೇಜನ್ನು ಬೈದರೂ ನಡೆಯದು. ನನಗೆ ಬೇಕಾದ ಈ ವಿಷಯ, ಈ ಪ್ರಯೋಗಾಲಯ ಇಲ್ಲಿಲ್ಲ, ಅಲ್ಲಿದೆ ಎಂದು ಹೆಸರಿಟ್ಟು ಬರೆಯಬೇಕು. ಪತ್ರ ಬರೆಯುವ ಪ್ರೊಫೆಸರಿಗೆ ನಿಮ್ಮ ಮುಖ ಗೊತ್ತಿರಬೇಕು. ಹಿಂದಿನ ಬೆಂಚಿನವರಿಗೆ ಇದೇ ಕಷ್ಟ.

ಹಣದ ವಿಚಾರವನ್ನು ಲಿಖಿತವಾಗಿ ಕೇಳಿ. ಎಷ್ಟೋ ಸ್ಕಾಲರ್‌ಶಿಪ್‌ಗಳು ಮೊದಲ ವರ್ಷಕ್ಕೆ ಸೇರುವವರಿಗೆ ಮಾತ್ರ. ವಿದೇಶಿ ಟ್ರಾನ್ಸ್‌ಫರ್ ವಿದ್ಯಾರ್ಥಿಗಳಿಗೆ ನೆರವು ಇನ್ನೂ ವಿರಳ. ಸಮಯದ ನಷ್ಟವೂ ಇದೆ. ಮೂರನೇ ವರ್ಷದ ಬೇಸಿಗೆಯ ಇಂಟರ್ನ್‌ಶಿಪ್‌ಗೆ ದೊಡ್ಡ ಕಂಪನಿಗಳು ಅರ್ಜಿ ಕರೆಯುವುದು ಹಿಂದಿನ ಶರತ್ಕಾಲದಲ್ಲೇ. ಹೊಸ ಕ್ಯಾಂಪಸ್‌ನಲ್ಲಿ ತರಗತಿಯ ಕೋಣೆ ಹುಡುಕುತ್ತಿರುವಾಗಲೇ ರೆಸ್ಯೂಮೆ ಕಳಿಸಬೇಕಾಗುತ್ತದೆ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಒಂದು ವರ್ಷ ಓದಿ ಹೊರಡುವವರು ಅಂಕಪಟ್ಟಿಯ ಜೊತೆ ಪ್ರತಿ ವಿಷಯದ ಸಿಲೆಬಸ್, ಪಾಠದ ಗಂಟೆಗಳ ವಿವರಕ್ಕೆ ಕಾಲೇಜಿನ ಮೊಹರು ಹಾಕಿಸಿಕೊಳ್ಳಿ. ಕ್ರೆಡಿಟ್ ತೂಗುವುದು ಅದನ್ನು ನೋಡಿ. ಈಗಾಗಲೇ ಎಫ್-1 ವೀಸಾದಲ್ಲಿ ಅಮೆರಿಕದಲ್ಲಿ ಓದುತ್ತಿರುವವರಾದರೆ, ಪ್ರವೇಶಪತ್ರ ಬಂದ ಕೂಡಲೇ ಹಳೆಯ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಹೋಗಿ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲಾತಿ ವ್ಯವಸ್ಥೆ) ದಾಖಲೆ ಬಿಡುಗಡೆಯ ದಿನಾಂಕ ಗೊತ್ತುಮಾಡಿಕೊಳ್ಳಿ. ಹೊಸ ವಿಶ್ವವಿದ್ಯಾಲಯ ವರ್ಗಾವಣೆಯ ಐ-20 ಕೊಡುವುದು ಆ ದಾಖಲೆ ತನ್ನ ಕೈಗೆ ಬಂದ ಮೇಲೆ. ಎರಡು ಓದಿನ ನಡುವಿನ ಬಿಡುವು ಐದು ತಿಂಗಳು ಮೀರಬಾರದು.